ಒಬ್ಬನ ದೂರು ಎಲ್ಲರದಾಗುವುದು ಯಾವಾಗ?

ದೆಹಲಿಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ ನಾನು ಟಿವಿಯಲ್ಲಿ ಕೆಲಸ ಮಾಡುವವನೆಂದು ಗೊತ್ತಾದರೆ ಒಂದು ಪ್ರಶ್ನೆ ತಪ್ಪದೇ ಬರುತ್ತದೆ: ‘ಅಲ್ಲಾ ಮಾರಾಯರೇ, ನಿಮ್ಮ ಚಾನೆಲ್‌ಗಳಲ್ಲಿ ಕೂತವರಿಗೆ ಮನಸ್ಸಾಕ್ಷಿ ಅನ್ನುವುದೇ ಇಲ್ಲವಾ?’ ಕೇಳುವವರಲ್ಲಿ ಸಾಫ್ಟ್‌ವೇರಿನವರಿದ್ದಾರೆ, ಕೇಂದ್ರ ಸರ್ಕಾರದ ಕಚೇರಿಯವರಿದ್ದಾರೆ, ಜೆಎನ್‌ಯುವಿನಲ್ಲಿ ಓದುವ ಹುಡುಗರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ರಾತ್ರಿ ಒಂಬತ್ತಕ್ಕೆ ಪರದೆಯ ಮೇಲೆ ನಡೆಯುವ ಕೂಗಾಟ ನೋಡಿದ ಯಾರಿಗಾದರೂ ಹಾಗೆ ಅನ್ನಿಸಲೇಬೇಕು. ನಾನು ನೋಯ್ಡಾದ ಸುದ್ದಿವಾಹಿನಿಯೊಂದರಲ್ಲಿ ವಿಡಿಯೊ ಎಡಿಟರ್. ಹಾಗಾಗಿ ಈ ಪ್ರಶ್ನೆಯನ್ನು ಬೇರೆಯವರ ಕಡೆ ತಳ್ಳಿ ಕೂರುವಂತಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಬೆನ್ನ ಹಿಂದೆ ಯಾರೂ ಇಲ್ಲದ ಮನುಷ್ಯನಿಂದ ಎಷ್ಟು ಧೈರ್ಯವನ್ನು ಕೇಳುವುದು ನ್ಯಾಯ?

2016ರ ಫೆಬ್ರವರಿಯಲ್ಲಿ ಜೆಎನ್‌ಯು ಪ್ರಕರಣ ಕಾವೇರಿದ್ದಾಗ ಜೀ ನ್ಯೂಸ್‌ನ ನಿರ್ಮಾಪಕರೊಬ್ಬರು, ವಿಶ್ವದೀಪಕ್, ತಮ್ಮ ವಾಹಿನಿ ಆ ಸುದ್ದಿಯನ್ನು ತೋರಿಸಿದ ರೀತಿಯನ್ನು ಒಪ್ಪಲಾರದೆ ರಾಜೀನಾಮೆ ಕೊಟ್ಟರು. ಅವರ ಪತ್ರವನ್ನು ದೇಶವೆಲ್ಲ ಓದಿತು. ಅವರನ್ನು ಮೆಚ್ಚಿದವರಲ್ಲಿ ನಾನೂ ಒಬ್ಬ. ಆದರೆ ಮೆಚ್ಚುಗೆಯ ಜೊತೆಗೆ ಒಂದು ಕಸಿವಿಸಿಯೂ ಇತ್ತು. ಅವರು ಹೋದ ಮೇಲೆ ಅವರ ಕುರ್ಚಿಗೆ ಇನ್ನೊಬ್ಬರು ಬಂದಿರುತ್ತಾರೆ. ಬುಲೆಟಿನ್ ಹೊತ್ತಿಗೆ ಸರಿಯಾಗಿ ಹೋಗಿರುತ್ತದೆ. ಒಬ್ಬ ಒಳ್ಳೆಯ ಮನುಷ್ಯ ಹೊರಗೆ ಹೋದದ್ದರಿಂದ ಒಳಗಿನ ಕೆಲಸ ನಿಲ್ಲುವುದಿಲ್ಲ, ಬದಲಾಗುವುದೂ ಇಲ್ಲ. ನಾವು ಮಾತ್ರ ಉಳಿದವರ ಕಡೆ ಬೆರಳು ಮಾಡಿ, ‘ನೋಡಿ, ಅವರು ಮಾಡಲಿಲ್ಲವೇ?’ ಎನ್ನುತ್ತೇವೆ. ಸಾವಿರದಲ್ಲಿ ಒಬ್ಬರು ಮಾಡಬಹುದಾದದ್ದನ್ನು ಸಾವಿರ ಜನರ ಅಳತೆಗೋಲು ಮಾಡಿಕೊಂಡರೆ ನಮಗೆ ಸಿಗುವುದು ಒಬ್ಬ ವೀರ ಮತ್ತು ಒಂಬೈನೂರ ತೊಂಬತ್ತೊಂಬತ್ತು ಹೇಡಿಗಳು. ಇದು ನೀತಿಯ ಲೆಕ್ಕವೆಂದು ನನಗೆ ಅನ್ನಿಸುವುದಿಲ್ಲ.

ಟಿವಿಯ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ವರದಿಗಾರ ಮಾತಾಡುತ್ತಾನೆ, ಕ್ಯಾಮೆರಾದವನು ಸೆರೆಹಿಡಿಯುತ್ತಾನೆ, ಓಬಿ ವ್ಯಾನಿನ ಎಂಜಿನಿಯರ್ ಕಳಿಸುತ್ತಾನೆ, ಇಲ್ಲಿ ಒಬ್ಬ ಅದನ್ನು ಇಳಿಸಿಕೊಳ್ಳುತ್ತಾನೆ, ಡೆಸ್ಕಿನವರು ಬರೆಯುತ್ತಾರೆ, ನನ್ನಂಥವರು ಕತ್ತರಿಸುತ್ತೇವೆ, ಗ್ರಾಫಿಕ್ಸ್‌ನವರು ಬೆಂಕಿ ಹಚ್ಚಿದ ಅಕ್ಷರ ಕೂರಿಸುತ್ತಾರೆ, ಟಿಕ್ಕರ್‌ನವನು ಕೆಳಗಿನ ಪಟ್ಟಿ ತುಂಬುತ್ತಾನೆ, ಪಿಸಿಆರ್‌ನಲ್ಲಿ ಕೂತವರು ಗುಂಡಿ ಒತ್ತುತ್ತಾರೆ. ಒಂದೂವರೆ ನಿಮಿಷದ ಸುದ್ದಿ ಹೊರಡುವಷ್ಟರಲ್ಲಿ ಅದು ಹತ್ತಾರು ಕೈ ದಾಟಿರುತ್ತದೆ. ಯಾರಿಗೂ ಪೂರ್ತಿ ಚಿತ್ರ ಗೊತ್ತಿರುವುದಿಲ್ಲ, ಎಲ್ಲರಿಗೂ ಸ್ವಲ್ಪ ಗೊತ್ತಿರುತ್ತದೆ. ತಪ್ಪು ನಡೆದರೆ ಅದನ್ನು ಇಷ್ಟೂ ಕೈ ಸೇರಿ ಮಾಡಿರುತ್ತವೆ. ‘ಇದು ಬೇಡ’ ಎನ್ನುವ ಹೊತ್ತಿಗೆ ಮಾತ್ರ ಒಂಟಿ ಕೈ ಮೇಲೇಳಬೇಕು. ಕೂಡಿ ಮಾಡುವ ಕೆಲಸದಲ್ಲಿ ಬೇಡವೆನ್ನುವುದೂ ಕೂಡಿಯೇ ಆಗಬೇಕಲ್ಲವೇ? ಕಾರ್ಮಿಕ ಸಂಘವೆಂದರೆ ಸಂಬಳ ಮತ್ತು ಬೋನಸ್ಸಿನ ವಿಷಯ ಎಂದುಕೊಂಡಿದ್ದ ನಾನು ಅದನ್ನು ಮನಸ್ಸಾಕ್ಷಿಯ ವಿಷಯವಾಗಿ ನೋಡತೊಡಗಿದ್ದು ಈ ದಾರಿಯಲ್ಲಿ.

ಕಾನೂನಿಗೆ ಈ ಒಂಟಿತನದ ಅರಿವು ಹಳೆಯದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ನ್ಯಾಯಾಲಯಗಳು ಬೆಳೆಸಿದ ಒಂದು ತತ್ವವಿತ್ತು. ಒಬ್ಬ ಕೆಲಸಗಾರನ ದೂರು ತನ್ನಷ್ಟಕ್ಕೆ ‘ಕೈಗಾರಿಕಾ ವಿವಾದ’ ಆಗುವುದಿಲ್ಲ. ಅವನ ಸಂಘವೋ, ಗಣನೀಯ ಸಂಖ್ಯೆಯ ಸಹೋದ್ಯೋಗಿಗಳೋ ಅದನ್ನು ತಮ್ಮದೆಂದು ಎತ್ತಿಕೊಂಡಾಗ ಮಾತ್ರ ಆಗುತ್ತದೆ. ಇದನ್ನು ಖಚಿತವಾಗಿ ಹೇಳಿದ ತೀರ್ಪುಗಳಲ್ಲಿ ಒಂದು ಮಾಧ್ಯಮ ಕ್ಷೇತ್ರದ್ದೇ. ಅಲಹಾಬಾದಿನ ನ್ಯೂಸ್‌ಪೇಪರ್ಸ್ ಲಿಮಿಟೆಡ್ ಎಂಬ ಸಂಸ್ಥೆ ಅಸಮರ್ಥನೆಂದು ಹೇಳಿ ಒಬ್ಬ ಲೈನೋಟೈಪ್ ಕೆಲಸಗಾರನನ್ನು ತೆಗೆದುಹಾಕಿತು. ಅವನ ಪರವಾಗಿ ನಿಂತದ್ದು ಲಖನೌದ ಕಾರ್ಯನಿರತ ಪತ್ರಕರ್ತರ ಸಂಘ. ಅವನು ಪತ್ರಕರ್ತನಲ್ಲ, ಆ ಸಂಘದವನೂ ಅಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, 1957ರಲ್ಲಿ, ಅವನು ಸೋತ. ಅವನ ಜೊತೆ ಕೆಲಸ ಮಾಡುವವರು ಯಾರೂ ಅದನ್ನು ತಮ್ಮ ದೂರೆಂದು ಎತ್ತಿಕೊಂಡಿರಲಿಲ್ಲ. ಹೊರಗಿನ ಸಂಘದ ಸಹಾನುಭೂತಿ ಸಾಲದಾಯಿತು. ಮುಂದೆ ಇಂಡಿಯನ್ ಎಕ್ಸ್‌ಪ್ರೆಸ್‌ನ ಇಬ್ಬರು ನೌಕರರ ವಿವಾದವನ್ನು ದೆಹಲಿ ಪತ್ರಕರ್ತರ ಸಂಘ, ಅಂದರೆ ಡಿಯುಜೆ, ಎತ್ತಿಕೊಂಡಾಗ ಅದೇ ನ್ಯಾಯಾಲಯ ಒಪ್ಪಿತು. ಏಕೆಂದರೆ ಸಂಘ ಹೊರಗಿನದಾದರೂ ಆ ಪತ್ರಿಕೆಯ ಪತ್ರಕರ್ತರಲ್ಲಿ ಹಲವರು ಅದರ ಸದಸ್ಯರಾಗಿದ್ದರು.

ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಬರೀ ಕಾನೂನಲ್ಲ. ಒಬ್ಬನಿಗೆ ಆದ ಅನ್ಯಾಯ ಯಾವ ಕ್ಷಣದಲ್ಲಿ ಎಲ್ಲರದಾಗುತ್ತದೆ ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರ ಸರಳವಾಗಿದೆ: ಪಕ್ಕದಲ್ಲಿ ಕೂತವರು ಅದು ನಮ್ಮದೂ ಹೌದು ಎಂದಾಗ. ದೂರದಿಂದ ಅಯ್ಯೋ ಎಂದವರಿಂದ ಅದು ಆಗುವುದಿಲ್ಲ. 1965ರಲ್ಲಿ ಕಾಯ್ದೆಗೆ 2ಎ ಎಂಬ ಕಲಮು ಸೇರಿಸಿ, ಕೆಲಸದಿಂದ ತೆಗೆದ ಪ್ರಕರಣದಲ್ಲಿ ಒಬ್ಬನೇ ಹೋದರೂ ಅದನ್ನು ಕೈಗಾರಿಕಾ ವಿವಾದವೆಂದು ಪರಿಗಣಿಸುವಂತೆ ಮಾಡಿದರು. ಅದು ಒಳ್ಳೆಯದೇ ಆಯಿತು. ಆದರೆ ವರ್ಗಾವಣೆ, ಪಾಳಿ, ಸಂಬಳ, ಬಡ್ತಿಯಂಥ ಉಳಿದ ವಿಷಯಗಳಿಗೆ ಆಗಲೂ ಜೊತೆಗಾರರು ಬೇಕಿತ್ತು.

ಸಂಘ ಪ್ರತಿನಿಧಿಸುತ್ತದೆ ಎಂದರೆ ದಿನನಿತ್ಯದಲ್ಲಿ ಏನು? ಧ್ವಜ, ಘೋಷಣೆಗಳಿಗಿಂತ ಅದು ಹೆಚ್ಚಾಗಿ ಕಾಗದದ ಕೆಲಸ. ಕಾರಣ ಕೇಳುವ ನೋಟಿಸಿಗೆ ಉತ್ತರ ಬರೆಯುವುದು, ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹಾಜರಾಗುವುದು, ಗ್ರಾಚ್ಯುಟಿಯ ಲೆಕ್ಕ ತೆಗೆಯುವುದು. 1947ರ ಕಾಯ್ದೆಯ 36ನೇ ಕಲಮು ಕೆಲಸಗಾರನಿಗೆ ನೋಂದಾಯಿತ ಸಂಘದ ಪದಾಧಿಕಾರಿಯ ಮೂಲಕ ತನ್ನ ಮಾತು ಹೇಳಿಸುವ ಹಕ್ಕು ಕೊಟ್ಟಿತ್ತು. ಅದೇ ಕಲಮಿನಲ್ಲಿ ಇನ್ನೊಂದು ಸೊಗಸಾದ ಅಂಶವಿತ್ತು. ನ್ಯಾಯಮಂಡಳಿಯ ಮುಂದೆ ವಕೀಲರನ್ನು ತರಬೇಕಾದರೆ ಎದುರಿನವರ ಒಪ್ಪಿಗೆ ಮತ್ತು ಮಂಡಳಿಯ ಅನುಮತಿ ಎರಡೂ ಬೇಕು. ದುಡ್ಡಿದ್ದವರು ದೊಡ್ಡ ವಕೀಲರನ್ನು ತಂದು ನಿಲ್ಲಿಸಿದರೆ ಬಡವನ ಪಾಡೇನು ಎಂದು ಕಾಯ್ದೆ ಬರೆದವರು ಯೋಚಿಸಿದ್ದರು. ಕೆಲಸಗಾರನ ಪಕ್ಕದ ಕುರ್ಚಿಯಲ್ಲಿ ಅವನ ಕೆಲಸ ಗೊತ್ತಿರುವ ಒಬ್ಬ ಮನುಷ್ಯ ಕೂರಲಿ ಎಂಬುದು ಅದರ ಆಶಯ.

ಆ ಕುರ್ಚಿಯ ಬೆಲೆ ಏನೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಗ್ರಾಫಿಕ್ಸ್ ವಿಭಾಗದಲ್ಲಿ ಬಿಹಾರದ ಒಬ್ಬ ಹುಡುಗನಿದ್ದ. ಒಂದು ಮಧ್ಯಾಹ್ನ ಎಚ್‌ಆರ್‌ನವರು ಕರೆದರು. ಒಳಗೆ ಮೂವರಿದ್ದರು, ಇವನೊಬ್ಬ. ರಾಜೀನಾಮೆ ಪತ್ರ ಆಗಲೇ ಟೈಪಾಗಿತ್ತು. ಸಹಿ ಹಾಕಿದರೆ ಅನುಭವ ಪತ್ರ ಮತ್ತು ಎರಡು ತಿಂಗಳ ಸಂಬಳ, ಇಲ್ಲದಿದ್ದರೆ ‘ಪರ್ಫಾರ್ಮೆನ್ಸ್’ ಸರಿಯಿಲ್ಲ ಎಂಬ ದಾಖಲೆ. ಇಪ್ಪತ್ತು ನಿಮಿಷದಲ್ಲಿ ಅವನು ಹೊರಗೆ ಬಂದ. ಅವನ ಏಳು ವರ್ಷದ ಸೇವೆ ‘ಸ್ವಂತ ಇಚ್ಛೆಯಿಂದ’ ಮುಗಿದಿತ್ತು. ರಾಜೀನಾಮೆಯಾದ್ದರಿಂದ ಅದು ಕಾನೂನಿನ ಲೆಕ್ಕದಲ್ಲಿ ಹಿಂಬಡ್ತಿಯೂ ಅಲ್ಲ, ವಜಾ ಕೂಡ ಅಲ್ಲ. ಒಂದು ತಿಂಗಳ ನೋಟಿಸು, ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಎಂಬ ಲೆಕ್ಕವೂ ಏಳುವುದಿಲ್ಲ. ಆ ಹುಡುಗನಿಗೆ ಬೇಕಾಗಿದ್ದದ್ದು ಕ್ರಾಂತಿಯಲ್ಲ. ‘ಇವತ್ತು ಸಹಿ ಹಾಕಬೇಡ, ನಾಳೆ ನೋಡೋಣ’ ಎಂದು ಹೇಳುವ ಒಬ್ಬ ಎರಡನೆಯ ಮನುಷ್ಯ ಆ ಕೋಣೆಯಲ್ಲಿ ಇದ್ದಿದ್ದರೆ ಸಾಕಿತ್ತು.

ಟಿವಿಯವರಿಗೆ ಈ ಎರಡನೆಯ ಮನುಷ್ಯ ಏಕಿಲ್ಲ? ಒಂದು ಕಾರಣ ಕಾನೂನಿನದು. 1950ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಭಾರತೀಯ ಕಾರ್ಯನಿರತ ಪತ್ರಕರ್ತರ ಒಕ್ಕೂಟ ಹುಟ್ಟಿತು. ನ್ಯಾಷನಲ್ ಹೆರಾಲ್ಡ್‌ನ ಸಂಪಾದಕ ಎಂ. ಚಲಪತಿ ರಾವ್ ಅದರ ಮುಂಚೂಣಿಯಲ್ಲಿದ್ದರು. ಅದರ ಒತ್ತಾಯ, ನಂತರ ಬಂದ ಮೊದಲ ಪತ್ರಿಕಾ ಆಯೋಗದ ವರದಿ, ಇವೆಲ್ಲ ಸೇರಿ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಕೆಲಸದಿಂದ ಕಡಿತ ಮಾಡುವುದಾದರೆ ಸಂಪಾದಕನಿಗೆ ಆರು ತಿಂಗಳು, ಉಳಿದ ಪತ್ರಕರ್ತರಿಗೆ ಮೂರು ತಿಂಗಳು ನೋಟಿಸು. ಸಂಬಳಕ್ಕೆ ವೇತನ ಮಂಡಳಿ. ಆಗ ದೇಶದಲ್ಲಿ ಟಿವಿಯೇ ಇರಲಿಲ್ಲ. ದೆಹಲಿಯಲ್ಲಿ ದೂರದರ್ಶನ ಪ್ರಯೋಗವಾಗಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಕಾಯ್ದೆ ಪತ್ರಿಕೆಗಳ ಬಗ್ಗೆ ಮಾತ್ರ ಮಾತಾಡಿತು. ತೊಂಬತ್ತರ ದಶಕದಲ್ಲಿ ಖಾಸಗಿ ವಾಹಿನಿಗಳು ಬಂದವು, ನೋಯ್ಡಾದ ಸೆಕ್ಟರ್ 16ಎಯಲ್ಲಿ ಫಿಲ್ಮ್ ಸಿಟಿ ತುಂಬಿತು, ಕಾಯ್ದೆ ಅಲ್ಲೇ ನಿಂತಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಪತ್ರಿಕೆಯ ಗೆಳೆಯರು ಸಂಭ್ರಮಿಸಿದರು. ಒಂದೇ ಪತ್ರಿಕಾಗೋಷ್ಠಿಯ ಮುಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದವನಿಗೆ ಆ ತೀರ್ಪು ಅನ್ವಯಿಸಿತು, ಅವನ ಪಕ್ಕ ಮೈಕ್ ಹಿಡಿದವನಿಗೆ ಅನ್ವಯಿಸಲಿಲ್ಲ.

ಇನ್ನೊಂದು ಕಾರಣ ನಮ್ಮ ಮನಸ್ಸಿನದು. ಟಿವಿಯಲ್ಲಿ ಯಾರಿಗೂ ತಾನು ಕಾರ್ಮಿಕನೆಂದು ಅನ್ನಿಸುವುದಿಲ್ಲ. ಕೊರಳಿನ ಐಡಿ ಕಾರ್ಡು, ಎಸಿ, ರಾತ್ರಿ ಮನೆಗೆ ಬಿಡುವ ಕ್ಯಾಬು, ಊರಿನಲ್ಲಿ ‘ನಮ್ಮ ಹುಡುಗ ದಿಲ್ಲಿಯಲ್ಲಿ ಟಿವಿಯಲ್ಲಿದ್ದಾನೆ’ ಎಂಬ ಹೆಮ್ಮೆ. ಕಾರ್ಮಿಕರೆಂದರೆ ನಾವು ಕ್ಯಾಮೆರಾ ಹಿಡಿದು ತೋರಿಸುವವರು, ಮಾನೇಸರದ ಕಾರ್ಖಾನೆಯ ಗೇಟಿನ ಹೊರಗೆ ಕೂತವರು. ಅವರ ದುಃಖಕ್ಕೆ ಒಂದೂವರೆ ನಿಮಿಷ ಕೊಡುವ ನಾವು ಅವರೇ ಎಂದು ಹೇಗೆ ಒಪ್ಪುವುದು? ಆ್ಯಂಕರ್‌ಗೂ ಎಡಿಟರ್‌ಗೂ ಸಂಬಳದಲ್ಲಿ ಅಜಗಜಾಂತರ. ಜಿಲ್ಲೆಗಳಲ್ಲಿರುವ ಸ್ಟ್ರಿಂಗರ್‌ಗೆ ಸಂಬಳವೇ ಇಲ್ಲ, ಸುದ್ದಿಗಿಷ್ಟು ಎಂದು ಕೊಡುತ್ತಾರೆ. ಈ ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವ ಪದ ನಮ್ಮಲ್ಲಿ ಇರಲಿಲ್ಲ.

2013ರ ಆಗಸ್ಟ್‌ನಲ್ಲಿ ಆ ಪದ ಇಲ್ಲದ ನಷ್ಟ ಬೀದಿಗೆ ಬಂತು. ಸಿಎನ್‌ಎನ್-ಐಬಿಎನ್ ಮತ್ತು ಐಬಿಎನ್7 ವಾಹಿನಿಗಳನ್ನು ನಡೆಸುತ್ತಿದ್ದ ಸಮೂಹ 300ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಕ್ಯಾಮೆರಾದವರು, ಎಡಿಟರ್‌ಗಳು, ವರದಿಗಾರರು ಎಲ್ಲರೂ ಅದರಲ್ಲಿದ್ದರು. ಕೆಲವು ದಿನಗಳ ನಂತರ ಫಿಲ್ಮ್ ಸಿಟಿಯಲ್ಲಿ ಪತ್ರಕರ್ತರು ಪ್ರತಿಭಟನೆ ಮಾಡಿದರು. ಭಿತ್ತಿಪತ್ರ ಹಿಡಿದು ಬಂದವರಲ್ಲಿ ಹೆಚ್ಚಿನವರು ಪತ್ರಿಕೆಯವರು, ಸ್ವತಂತ್ರ ಪತ್ರಕರ್ತರು, ವಿದ್ಯಾರ್ಥಿಗಳು. ದೇಶದ ಮೂಲೆಮೂಲೆಯ ಧರಣಿಯನ್ನು ನೇರಪ್ರಸಾರ ಮಾಡುವ ಅದೇ ಬೀದಿಯಲ್ಲಿ ಈ ಧರಣಿ ಬಹುತೇಕ ವಾಹಿನಿಗಳ ಪರದೆಯ ಮೇಲೆ ಬರಲೇ ಇಲ್ಲ. ಅಲಹಾಬಾದಿನ ಆ ಲೈನೋಟೈಪ್ ಕೆಲಸಗಾರನ ಸ್ಥಿತಿಯೇ ಇದು. ಹೊರಗಿನ ಸಹಾನುಭೂತಿ ಇತ್ತು, ಒಳಗಿನವರು ಅದನ್ನು ತಮ್ಮ ದೂರೆಂದು ಎತ್ತಿಕೊಳ್ಳುವ ದಾರಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭ. ಸಂಘವಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಬಿಡಬಹುದು. ಆದರೆ ಪ್ರಸಾರ ಲೋಕದಲ್ಲಿ ಗಟ್ಟಿ ಸಂಘಗಳಿರುವ ಕಡೆಯೂ ಒಂದಿದೆ, ಅದು ಆಕಾಶವಾಣಿ ಮತ್ತು ದೂರದರ್ಶನ. ಒಂದು ಕಾಲದಲ್ಲಿ ಊರಿನ ಹೋಟೆಲು, ಕಟ್ಟೆಗಳಲ್ಲಿ ನಮ್ಮ ಹಿರಿಯರು ಕಿವಿಗೊಡುತ್ತಿದ್ದ ದೆಹಲಿಯ ಕನ್ನಡ ವಾರ್ತೆ ಹೊರಡುತ್ತಿದ್ದದ್ದು ಇದೇ ಊರಿನ ಸಂಸದ್ ಮಾರ್ಗದಿಂದ. ಆ ದನಿಯ ಹಿಂದೆ ಎಂಜಿನಿಯರ್‌ಗಳು, ಗುಮಾಸ್ತರು, ಉದ್ಘೋಷಕರು, ಅವರ ಸಂಘಗಳು ಇದ್ದವು. ಪ್ರಸಾರ ಸಂಸ್ಥೆಯನ್ನು ಕಾರ್ಮಿಕ ಕಾನೂನಿನ ಅರ್ಥದಲ್ಲಿ ‘ಉದ್ಯಮ’ ಎನ್ನಬಹುದೇ ಎಂಬ ಪ್ರಶ್ನೆ ಬಹಳ ದಿನ ಇತ್ತು. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಉದ್ಯಮ ಎಂಬ ಪದದ ಅರ್ಥವನ್ನು ಹಿಗ್ಗಿಸಿತು. ಅದೇ ದಾರಿಯಲ್ಲಿ 1998ರಲ್ಲಿ ಆಕಾಶವಾಣಿ, ದೂರದರ್ಶನ ಕೂಡ ಉದ್ಯಮವೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಬೆಂಗಳೂರಿನ ನಲ್ಲಿ ನೀರಿನ ಮೊಕದ್ದಮೆಗೆ ದೆಹಲಿಯ ಸ್ಟುಡಿಯೊದವರು ಋಣಿಗಳು.

ಈ ನೌಕರರ ಒಕ್ಕೂಟ 2010ರ ನವೆಂಬರ್ 23ರಿಂದ 48 ಗಂಟೆಗಳ ಮುಷ್ಕರ ಹೂಡಿತು. 1997ರಲ್ಲಿ ಪ್ರಸಾರ ಭಾರತಿ ನಿಗಮ ಸ್ಥಾಪನೆಯಾದದ್ದೂ ನವೆಂಬರ್ 23ರಂದೇ. ಮುಖ್ಯ ಬೇಡಿಕೆ ಕೇಳಿದರೆ ಆಶ್ಚರ್ಯವಾಗುತ್ತದೆ: ಪ್ರಸಾರ ಭಾರತಿ ಕಾಯ್ದೆಯನ್ನೇ ರದ್ದು ಮಾಡಿ, ನಮ್ಮನ್ನು ಮತ್ತೆ ಸರ್ಕಾರದ ಅಡಿಗೆ ತನ್ನಿ. ರೇಡಿಯೊ, ಟಿವಿ ಸರ್ಕಾರದ ತುತ್ತೂರಿಯಾಗಬಾರದು ಎಂದು ಎಷ್ಟೋ ವರ್ಷ ವಾದಿಸಿ ತಂದ 1990ರ ಕಾಯ್ದೆ ಅದು. ಬಾನುಲಿಯ ತರಂಗಗಳು ಸಾರ್ವಜನಿಕ ಸೊತ್ತು, ಸರ್ಕಾರದ್ದಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಸೊತ್ತನ್ನು ಕಾಯಬೇಕಾದವರೇ ಯಜಮಾನನ ಬಳಿ ಮರಳಿ ಕಳಿಸಿ ಎಂದರೆ, ಅವರ ಸಂಘ ಯಾರನ್ನು ಪ್ರತಿನಿಧಿಸಿತು? ಸದಸ್ಯರನ್ನು ಹೌದು. ಕೇಳುಗರನ್ನು?

ಇದಕ್ಕೆ ನೇರ ಎದುರಿಗೆ ಇಡಬಹುದಾದ ಘಟನೆ ಲಂಡನ್ನಿನದು. 1985ರಲ್ಲಿ ಉತ್ತರ ಐರ್ಲೆಂಡಿನ ಕುರಿತ ಒಂದು ಸಾಕ್ಷ್ಯಚಿತ್ರವನ್ನು, ಅಲ್ಲಿನ ಗೃಹ ಸಚಿವರ ಒತ್ತಾಯದ ಬೆನ್ನಲ್ಲೇ, ಬಿಬಿಸಿಯ ಆಡಳಿತ ಮಂಡಳಿ ತಡೆಹಿಡಿಯಿತು. ಆಗಸ್ಟ್ 7ರಂದು ಬಿಬಿಸಿಯ ಪತ್ರಕರ್ತರು ತಮ್ಮ ಸಂಘದ ಕರೆಯ ಮೇಲೆ ಒಂದು ದಿನ ಕೆಲಸ ನಿಲ್ಲಿಸಿದರು. ಬೇರೆ ವಾಹಿನಿಯವರೂ ಜೊತೆಗೂಡಿದರು. ಸಂಬಳಕ್ಕಾಗಿ ಅಲ್ಲ, ಜನ ನೋಡಬೇಕಾದದ್ದನ್ನು ತಡೆದದ್ದಕ್ಕಾಗಿ. ಅಕ್ಟೋಬರ್‌ನಲ್ಲಿ ಸಣ್ಣ ಬದಲಾವಣೆಗಳೊಂದಿಗೆ ಚಿತ್ರ ಪ್ರಸಾರವಾಯಿತು. ಯಾರೊಬ್ಬರೂ ರಾಜೀನಾಮೆ ಕೊಟ್ಟು ವೀರರಾಗಬೇಕಾಗಲಿಲ್ಲ. ಮರುದಿನ ಎಲ್ಲರೂ ಅದೇ ಮೇಜಿಗೆ ಬಂದು ಕೂತರು.

ಲಂಡನ್ನಿನವರು ದೊಡ್ಡವರು, ದೆಹಲಿಯವರು ಸಣ್ಣವರು ಎಂದು ಇದರಿಂದ ತೀರ್ಮಾನಿಸುವುದು ಸುಲಭ. ನಾನು ಒಪ್ಪುವುದಿಲ್ಲ. ದೆಹಲಿಯ ನೌಕರನ ಭಯ ಪಿಂಚಣಿಯದು. ಸರ್ಕಾರಿ ಕೆಲಸವೆಂದು ಸೇರಿದವನನ್ನು ಮಧ್ಯದಲ್ಲಿ ನಿಗಮಕ್ಕೆ ದಾಟಿಸಿದರು, ದುಡ್ಡು ಎಲ್ಲಿಂದ ಬರುತ್ತದೆಂದು ಯಾರೂ ಸ್ಪಷ್ಟವಾಗಿ ಹೇಳಲಿಲ್ಲ. ಸ್ವಾಯತ್ತತೆಯ ಬೆಲೆಯನ್ನು ಅವನ ಮುಪ್ಪಿನ ಖಾತೆಯಿಂದ ಕಡಿತ ಮಾಡಿದಂತಾಯಿತು. ಭದ್ರತೆ ಮತ್ತು ಸ್ವಾತಂತ್ರ್ಯದಲ್ಲಿ ಒಂದನ್ನು ಆರಿಸಿಕೋ ಎಂದರೆ ಮಕ್ಕಳೊಂದಿಗನಾದ ಯಾರಾದರೂ ಭದ್ರತೆಯನ್ನೇ ಆರಿಸುತ್ತಾನೆ. ತಪ್ಪು ಆಯ್ಕೆ ಮಾಡಿದವನದಲ್ಲ, ಅಂಥ ಆಯ್ಕೆಯನ್ನು ಮುಂದಿಟ್ಟವರದು. ಕೊನೆಗೆ ಕಾಯ್ದೆಗೆ ತಿದ್ದುಪಡಿ ಬಂದು, 2007ರ ಅಕ್ಟೋಬರ್ 5ರವರೆಗೆ ನೇಮಕವಾದವರು ನಿವೃತ್ತಿಯವರೆಗೆ ಸರ್ಕಾರಿ ನೌಕರರೇ ಎಂದಾಯಿತು. ಆಮೇಲೆ ಬಂದವರು ನಿಗಮದವರು. ಒಂದೇ ಕನ್ಸೋಲಿನ ಮುಂದೆ ಎರಡು ಜಾತಿ.

ಮೂರನೆಯದೂ ಒಂದಿದೆ, ಅವರೇ ಕ್ಯಾಶುಯಲ್‌ಗಳು. ರೇಡಿಯೊದಲ್ಲಿ ನಮಗೆ ಕೇಳಿಸುವ ದನಿಗಳಲ್ಲಿ ಹೆಚ್ಚಿನವು ಈ ತಾತ್ಕಾಲಿಕ ಉದ್ಘೋಷಕರದ್ದು. ತಿಂಗಳಿಗೆ ಆರು ಪಾಳಿಗಿಂತ ಹೆಚ್ಚು ಕೊಡುವಂತಿಲ್ಲ ಎಂಬ ಪದ್ಧತಿ. ಹೆಚ್ಚು ಕೊಟ್ಟರೆ ಕಾಯಂ ಮಾಡಿ ಎಂದು ಕೇಳಬಹುದಲ್ಲ! ಹದಿನೈದು, ಇಪ್ಪತ್ತು ವರ್ಷ ದನಿ ಕೊಟ್ಟವರೂ ಕಾಗದದ ಮೇಲೆ ಆಗಾಗ ಬಂದುಹೋಗುವ ಅತಿಥಿಗಳು. ಕಾಯಂ ನೌಕರರ ಸಂಘ ಹೋರಾಡಿ ಗೆದ್ದ ಭದ್ರತೆಯ ಗೋಡೆಯ ಹೊರಗೆ ಇವರು ತಮ್ಮದೇ ಸಂಘ ಕಟ್ಟಿಕೊಂಡು ಕೋರ್ಟು, ಧರಣಿ ಎಂದು ಓಡಾಡಬೇಕಾಯಿತು. ಸಂಘದ ನಿಜವಾದ ನೈತಿಕ ಪರೀಕ್ಷೆ ಇಲ್ಲಿದೆ ಎಂದು ನನಗೆ ತೋರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರಿಗಾಗಿ ಅದು ಮಾತಾಡುವುದು ಸಹಜ. ಅದೇ ಕೆಲಸ ಮಾಡಿಯೂ ಹೆಸರಿಲ್ಲದವರನ್ನು ತನ್ನವರೆಂದು ಎತ್ತಿಕೊಳ್ಳುತ್ತದೆಯೇ?

ಸಂಘದ ಬಲ ಹೊರಗಿನವರ ಮೇಲೆ ತಿರುಗುವ ಬಗೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು, ಡಬ್ಬಿಂಗ್ ಜಗಳದಿಂದ. ಬೇರೆ ಭಾಷೆಯ ಧಾರಾವಾಹಿ, ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಕೂಡದೆಂದು ಚಿತ್ರೋದ್ಯಮದ, ಟಿವಿ ಉದ್ಯಮದ ಸಂಘಗಳು ದಶಕಗಳ ಕಾಲ ತಡೆದವು. ಕನ್ನಡ ಗ್ರಾಹಕರ ಕೂಟ ದೆಹಲಿಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು, 2015ರ ಜುಲೈಯಲ್ಲಿ ಆಯೋಗ ಆ ಸಂಘಗಳಿಗೆ ದಂಡ ಹಾಕಿತು. ಬಂಗಾಳದಲ್ಲೂ ಇದೇ ನಡೆದಿತ್ತು. ಡಬ್ ಮಾಡಿದ ಮಹಾಭಾರತ ಧಾರಾವಾಹಿಯನ್ನು ಅಲ್ಲಿನ ಕಲಾವಿದರು ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ತಡೆಯಲು ಹೊರಟಿತು, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪರ್ಧಾ ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. ತಡೆದವರ ಹಿಂದೆ ನಿಜವಾದ ಹೊಟ್ಟೆಪಾಡಿತ್ತು ಎನ್ನುವುದನ್ನು ನಾನು ಮರೆಯುವುದಿಲ್ಲ. ಲೈಟ್‌ಬಾಯ್‌ಗೆ, ಮೇಕಪ್‌ನವನಿಗೆ, ಸಣ್ಣ ಪಾತ್ರಧಾರಿಗೆ ಹತ್ತು ಧಾರಾವಾಹಿ ಎಂಟಾದರೆ ತಿಂಗಳು ಸಾಗುವುದು ಕಷ್ಟ. ಆದರೂ ನೋಡುಗನ ಮನೆಯ ಬಾಗಿಲು ಮುಚ್ಚಿ ಆ ಹೊಟ್ಟೆ ತುಂಬಿಸುವುದು ಸರಿಯೇ?

ಹಾಗಾದರೆ ಸಂಘದ ಯಾವ ಬೇಡಿಕೆ ನ್ಯಾಯದ್ದು, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ನಮ್ಮ ಕಸುಬಿನಲ್ಲೇ ಒಂದು ಪರೀಕ್ಷೆ ಇದೆ ಎಂದು ನನಗೆ ಅನ್ನಿಸುತ್ತದೆ. ಆ ಬೇಡಿಕೆಯನ್ನು, ಅದರಿಂದ ಬಾಧಿತರಾಗುವ ಎಲ್ಲರೂ ಕೇಳುತ್ತಿರುವಾಗ, ಪ್ರಸಾರದಲ್ಲೇ ಓದಿಬಿಡಬಹುದೇ? ‘ನಮ್ಮನ್ನು ಇಪ್ಪತ್ತು ನಿಮಿಷದಲ್ಲಿ ಮನೆಗೆ ಕಳಿಸಬೇಡಿ’ ಎಂದು ಓದಬಹುದು. ‘ನಮ್ಮ ಪಿಂಚಣಿ ಉಳಿಸಿ’ ಎಂದೂ ಓದಬಹುದು. ‘ಈ ಚಿತ್ರವನ್ನು ಜನ ನೋಡಲಿ’ ಎಂದಂತೂ ಗಂಟಲು ಬಿಚ್ಚಿ ಓದಬಹುದು. ‘ನಮ್ಮ ಪಿಂಚಣಿಗಾಗಿ ನಿಮ್ಮ ರೇಡಿಯೊವನ್ನು ಸರ್ಕಾರಕ್ಕೆ ಒಪ್ಪಿಸುತ್ತಿದ್ದೇವೆ’ ಎನ್ನುವಲ್ಲಿ ದನಿ ತಡವರಿಸುತ್ತದೆ. ‘ನೀವು ಇದನ್ನು ಕನ್ನಡದಲ್ಲಿ ನೋಡಕೂಡದು’ ಎಂದು ಕನ್ನಡಿಗರ ಮುಂದೆ ಓದಲಾಗುವುದಿಲ್ಲ. ‘ಡಬ್ ಮಾಡುವುದಾದರೆ ಇಲ್ಲಿನ ಕಂಠದಾನ ಕಲಾವಿದರಿಗೆ ಮರ್ಯಾದೆಯ ಸಂಭಾವನೆ ಕೊಡಿ’ ಎಂದು ಓದಬಹುದು. ಈ ಪರೀಕ್ಷೆ ಎಲ್ಲ ಕಗ್ಗಂಟನ್ನೂ ಬಿಡಿಸುತ್ತದೆಂದು ನಾನು ಹೇಳುವುದಿಲ್ಲ. ಆದರೆ ಇದು ಸಂಘವನ್ನು ಬಾಗಿಲು ಹಾಕಿಕೊಂಡು ಮಾತಾಡುವ ಗುಂಪಾಗದಂತೆ ತಡೆಯುತ್ತದೆ. ಎಚ್‌ಆರ್ ಕೋಣೆಗೂ ಇದೇ ಪರೀಕ್ಷೆ ಹಚ್ಚಿ ನೋಡಿ. ಅಲ್ಲಿ ಆಡುವ ಮಾತುಗಳಲ್ಲಿ ಎಷ್ಟನ್ನು ಪ್ರಸಾರದಲ್ಲಿ ಓದಬಹುದು?

ಈಗ ಕಾನೂನು ಒಂದು ಹೆಜ್ಜೆ ಮುಂದೆ ಬಂದಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1955ರ ಕಾಯ್ದೆ ಅವುಗಳಲ್ಲಿ ಕರಗಿತು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಕಾರ್ಯನಿರತ ಪತ್ರಕರ್ತ ಎಂಬ ಪದದೊಳಗೆ ವಿದ್ಯುನ್ಮಾನ ಮತ್ತು ಡಿಜಿಟಲ್ ಮಾಧ್ಯಮದವರೂ ಸೇರಿದ್ದಾರೆ. ಮೈಕ್ ಹಿಡಿದವನಿಗೂ ಕೊನೆಗೆ ಹೆಸರು ಸಿಕ್ಕಿತು. ಅದೇ ಹೊತ್ತಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ, ಹಲವು ಸಂಘಗಳಿರುವ ಕಡೆ ಆಡಳಿತದೊಂದಿಗೆ ಒಂದೇ ಸಂಘ ಮಾತುಕತೆಗೆ ಕೂರಬೇಕಾದರೆ ಶೇ 51ರಷ್ಟು ಕೆಲಸಗಾರರ ಬೆಂಬಲ ಬೇಕು ಎಂದಿದೆ, ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೇಳಿದೆ, ಅವಧಿ ನಿಗದಿಯಾದ ನೇಮಕಕ್ಕೆ ದಾರಿ ತೆರೆದಿದೆ. ವರ್ಷ ವರ್ಷ ಕರಾರು ನವೀಕರಿಸಿಕೊಳ್ಳುವವನು ಯಾವ ಧೈರ್ಯದಲ್ಲಿ ಸದಸ್ಯತ್ವದ ರಸೀದಿ ಹರಿಸಿಕೊಳ್ಳುತ್ತಾನೆ? ಕಾನೂನು ನಮಗೆ ವ್ಯಾಖ್ಯೆ ಕೊಡಬಹುದು, ಪಕ್ಕದ ಕುರ್ಚಿಯಲ್ಲಿ ಬಂದು ಕೂರಲಾರದು.

ನಮ್ಮಂಥ ವಲಸಿಗರಿಗೆ ಇದು ಇನ್ನೂ ಹತ್ತಿರದ ವಿಷಯ. ಊರಿನಲ್ಲಿ ಕಷ್ಟ ಬಂದರೆ ಮಾವ, ದೊಡ್ಡಪ್ಪ, ಪಕ್ಕದ ಮನೆಯವರು ಬಂದು ಜಗಲಿಯಲ್ಲಿ ಕೂರುತ್ತಾರೆ. ಇಲ್ಲಿ ಇಂದಿರಾಪುರದ ಹದಿನಾಲ್ಕನೇ ಮಹಡಿಯಲ್ಲಿ ಕೆಲಸ ಹೋದ ಸುದ್ದಿಯನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಲಿಫ್ಟಿನಲ್ಲಿ ನಿಲ್ಲಬೇಕು. ನಾವು ಭಾಷೆಯ ಹೆಸರಿನಲ್ಲಿ ಚೆನ್ನಾಗಿ ಸೇರುತ್ತೇವೆ. ಹಬ್ಬ ಮಾಡುತ್ತೇವೆ, ಆಸ್ಪತ್ರೆಗೆ ರಕ್ತ ಕೊಡುತ್ತೇವೆ. ಕೆಲಸದ ಹೆಸರಿನಲ್ಲಿ ಸೇರುವುದು ಮಾತ್ರ ನಮಗೆ ಏಕೋ ಮುಜುಗರ. ಬೆಂಗಳೂರಿನ ಐಟಿಯವರು 2017ರಲ್ಲಿ ತಮ್ಮದೊಂದು ಸಂಘ, ಕೆಐಟಿಯು, ಕಟ್ಟಿಕೊಂಡರು. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂದಾಗ ಬೀದಿಗಿಳಿದು ವಿರೋಧಿಸಿದವರು ಅವರು. ಐಡಿ ಕಾರ್ಡಿನವರೂ ಕಾರ್ಮಿಕರೇ ಎಂದು ಹೇಳಲು ನಾಚದವರನ್ನು ಕಂಡು ನನಗೆ ಧೈರ್ಯ ಬಂತು.

ನಾನು ಈಗ ಪತ್ರಕರ್ತರ ಸಂಘವೊಂದಕ್ಕೆ ಹೋಗಿಬರುತ್ತೇನೆ. ತಲೆ ನರೆತವರೇ ಹೆಚ್ಚು, ಭಾಷಣಗಳು ಉದ್ದ, ಟೀ ಚೆನ್ನಾಗಿರುತ್ತದೆ. ಅಲ್ಲಿ ಕಲಿತ ಒಂದು ಲೆಕ್ಕ ಮನಸ್ಸಿನಲ್ಲಿ ಉಳಿದಿದೆ. ಹೊಸ ಸಂಘವೊಂದರ ನೋಂದಣಿಗೆ ಅರ್ಜಿ ಹಾಕಲು ಏಳು ಸಹಿ ಸಾಕು. ಜೊತೆಗೆ ಆ ಸಂಸ್ಥೆಯ ಕೆಲಸಗಾರರಲ್ಲಿ ಶೇ 10ರಷ್ಟು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಇದು ನೂರು ಜನ ವೀರರನ್ನು ಕೇಳುವ ಲೆಕ್ಕವಲ್ಲ. ಕೆಲಸ ಮುಗಿಸಿ ಮನೆಗೆ ಹೋಗಬೇಕೆನ್ನುವ, ಇಎಂಐ ಕಟ್ಟಬೇಕಾದ, ಸ್ವಲ್ಪ ಹೆದರುವ ನೂರು ಜನ ಸಾಮಾನ್ಯರು ಸಾಕು. ಒಬ್ಬೊಬ್ಬರ ಪಾಲಿಗೆ ಬರುವ ಧೈರ್ಯ ಆಗ ಹೊರಬಹುದಾದಷ್ಟೇ ಇರುತ್ತದೆ. ಮೊದಲ ಏಳು ಸಹಿಯ ಮಾತಿಗೆ ಬಂದರೆ, ನಮ್ಮ ಎಡಿಟ್ ಫ್ಲೋರಿನ ಒಂದೇ ಪಾಳಿಯಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತೇವೆ.